ತೊರವಿ ಕಡೆ ಕರೇಜ್ ಶಾಫ್ಟ್ ನೋಡಾಕ ಹೋಗೋರಿಗೆ: ಮ್ಯಾಲೆ ನಿಂತ ಒಳಗಿಂದು ಓದೋದು ಹೆಂಗ

ವಿಜಯಪುರಕ್ಕ ಬಂದೋರು ಗೋಳಗುಮ್ಮಟ ನೋಡ್ತಾರ, ಇಬ್ರಾಹಿಂ ರೋಜಾ ನೋಡ್ತಾರ, ಟೈಮ್ ಉಳದ್ರ ಬಾರಾಕಮಾನ್, ಆಮ್ಯಾಲೆ ಊಟ ಮಾಡಿ ಬಸ್ ಹತ್ತತಾರ. ಇಷ್ಟು ದೊಡ್ಡ ಊರಿಗೆ, ಅಷ್ಟು ಮಂದಿಗೆ, ಕುದುರಿ ಆನಿ ತೋಟ ಎಲ್ಲಾಕ್ಕೂ ನೀರು ಎಲ್ಲಿಂದ ಬರ್ತಿತ್ತು ಅಂತ ಕೇಳೋರು ಭಾಳ ಕಡಿಮಿ. ವರ್ಷಕ್ಕ 600 ಮಿಲಿಮೀಟರ್ ಆಸುಪಾಸು ಮಳಿ ಬೀಳೋ ಸೀಮಿ ಇದು, ಹತ್ರ ಒಂದು ಹೊಳಿನೂ ಇಲ್ಲ. ಉತ್ತರ ಊರಾಗಿಲ್ಲ, ಊರಿನ ಪಶ್ಚಿಮಕ್ಕ ಅಥಣಿ ರೋಡ್ ಹಿಡದು ಐದಾರು ಕಿಲೋಮೀಟರ್ ಹೋದ್ರ ಬರೋ ತೊರವಿ ಸುತ್ತಮುತ್ತ ನೆಲದ ಕೆಳಗ, ಕರೇಜ್ ಅನ್ನೋ ನೀರಿನ ಸುರಂಗದಾಗ ಐತಿ.

ನಮ್ಮ ಸೋದರಮಾವ ಹಟ್ಟಿ ಚಿನ್ನದ ಗಣಿಯೊಳಗ, ಭೂಮಿ ಕೆಳಗ, ಕೆಲಸ ಮಾಡಿದವರು. ರಿಟೈರ್ ಆದ ಮ್ಯಾಲೆ ಇಲ್ಲೇ ವಿಜಯಪುರದಾಗ ಮನಿ ಮಾಡ್ಯಾರ. ಒಂದ್ಸಲ ಅವರನ್ನ ತೊರವಿ ಕಡೆ ಕರಕೊಂಡು ಹೋಗಿದ್ದೆ, ಹೊಲದಾಗ ಜಾಲಿ ಮುಳ್ಳು ಹಾಕಿ ಮುಚ್ಚಿದ್ದ ಒಂದು ತೂತಿನ ಹತ್ರ ಬಂದ ಕೂಡ್ಲೆ ದೂರನ ಕುಕ್ಕರಗಾಲಿಲೆ ಕುಂತು ನೋಡಿ, "ಯವ್ವಾ, ಇದು ಬಾವಿ ಅಲ್ಲ, ಶಾಫ್ಟ್" ಅಂದ್ರು. ಹೆಂಗ ಗೊತ್ತಾತ್ರಿ ಮಾಮಾ ಅಂದ್ರ, "ಮೆಟ್ಟಲಾ ಇಲ್ಲ, ಎತ್ತು ಹೂಡಿ ನೀರು ಜಗ್ಗೋ ಕಪಲಿ ಜಾಗ ಇಲ್ಲ, ಒಬ್ಬ ಮನಷ್ಯಾ ಒಂದು ಬುಟ್ಟಿ ಇಳಿಯೋವಷ್ಟ ಅಗಲ, ಮತ್ತ ಅಕಾ ಅಲ್ಲಿ ನೋಡು, ಇದಕ್ಕ ನೆಟ್ಟಗ ಇನ್ನೊಂದು" ಅಂತ ಕೈ ತೋರಿಸಿದ್ರು. ನಾನು ಅಷ್ಟು ಸಲ ಹೋಗಿದ್ರೂ ಅದೆಲ್ಲಾ ನನ್ನ ಕಣ್ಣಿಗೆ ಬಿದ್ದಿದ್ದಿಲ್ಲ. ಅವತ್ತಿನಿಂದ ನಾನು ಮಂದಿನ್ನ ಕರಕೊಂಡು ಹೋದ್ರ ಮಾಮಾ ಹೇಳಿಕೊಟ್ಟಂಗ ಗಣಿ ಮಂದಿ ಕಣ್ಣಿಲೆ ನೋಡ್ರಿ ಅಂತೀನಿ, ಅದನ್ನ ಇಲ್ಲಿ ಬರಿಯಾಕತ್ತೀನಿ.

ಮೊದಲ ಇದು ಏನು ಅಂತ ತಿಳ್ಕೊಂಡು ಹೋಗ್ರಿ, ಇಲ್ಲಂದ್ರ ಬರೇ ತೂತು ನೋಡಿ ಬಂದಂಗ ಆಗ್ತದ. ಕರೇಜ್ ಅಂದ್ರ ನೆಲದೊಳಗಿನ ಸುರಂಗ ಕಾಲುವಿ, ಪರ್ಷಿಯಾ ಕಡೆಯಿಂದ ಬಂದ ವಿದ್ಯಾ. ಎತ್ತರದ ಜಾಗದಾಗ ಒಂದು ತಾಯಿ ಬಾವಿ ತೋಡತಾರ, ಅಲ್ಲಿ ಸೆಲಿ ಸಿಕ್ತು ಅಂದ್ರ ಅಲ್ಲಿಂದ ತಗ್ಗಿನ ಕಡೆ ಸ್ವಲ್ಪ ಸ್ವಲ್ಪನ ಇಳಿಜಾರು ಇಟ್ಟು ಸುರಂಗ ಕೊರಿತಾರ, ನೀರು ತನ್ನಷ್ಟಕ್ಕ ತಾನ ಹರಕೋತ ಬರ್ತದ, ಎತ್ತು ಬ್ಯಾಡ ಮೋಟರ್ ಬ್ಯಾಡ, ಬಿಸಲಿಗೆ ಆರಿ ಹೋಗೋದೂ ಇಲ್ಲ. ಆ ಸುರಂಗ ಕೊರಿಯಾಕ ನಡನಡುವ ಮ್ಯಾಲಿಂದ ನೆಟ್ಟಗ ತೋಡಿದ ಕೊಳವಿನ ಈ ಶಾಫ್ಟ್. ಅಗದ ಗರಸು ಮ್ಯಾಲೆ ತರಾಕ ಅದ ದಾರಿ, ಒಳಗಿನವರಿಗೆ ಗಾಳಿ ಬೆಳಕು ಅದರಿಂದನ, ಮುಂದ ಹೂಳು ತಗಿಯಾಕ ಇಳಿಯೋದೂ ಅದರಾಗಿಂದನ, ಮತ್ತ ಎರಡು ಶಾಫ್ಟಿನೊಳಗ ತೂಗುಗುಂಡು ಬಿಟ್ಟು ಎರಡೂ ದಾರ ಒಂದ ಸಾಲಿಗೆ ಬರೂವಂಗ ನೋಡಿ ಕೆಳಗ ದಿಕ್ಕು ಹಿಡಿತಿದ್ರು. ಈ ಕಡೀದು ಕೇಳಿ ಮಾಮಾಗ ಭಾಳ ಖುಷಿ ಆತು, ಗಣಿಯೊಳಗ ಸರ್ವೆ ಮಂದಿನೂ ಶಾಫ್ಟಿನಾಗ ತಂತಿಗೆ ಭಾರ ಕಟ್ಟಿ ಬಿಟ್ಟ ದಿಕ್ಕು ಕೆಳಗ ಒಯ್ತಿದ್ರಂತ. "ಅಲ್ಲಿ ನಾವು ಬಂಗಾರಕ್ಕ ತೋಡಿದ್ವಿ, ಇವರು ನೀರಿಗೆ ತೋಡ್ಯಾರ, ಕೆಲಸ ಎರಡೂ ಒಂದ" ಅಂದ್ರು.

ಇತಿಹಾಸ ಸ್ವಲ್ಪದಾಗ ಹೇಳ್ತೀನಿ. ಒಂದನೇ ಅಲಿ ಆದಿಲಶಾಹ (1558ರಿಂದ 1580) ಕಾಲದಾಗ ತೊರವಿ ಕಡೆಯಿಂದ ಊರಿಗೆ ನೀರು ತರೋ ಕೆಲಸ ನಡೀತು, ಅವನ ನಂತರ ಬಂದ ಎರಡನೇ ಇಬ್ರಾಹಿಂ 1599ರಾಗ ಇದ ತೊರವಿ ಹತ್ರ ನವರಸಪುರ ಅಂತ ಹೊಸಾ ಊರ ಕಟ್ಟಾಕ ಹಚ್ಚಿದ, ಅದನ್ನ 1624ರಾಗ ಅಹಮದನಗರದ ಮಲಿಕ್ ಅಂಬರ್ ದಂಡು ಬಂದು ಹಾಳು ಮಾಡ್ತು. ಸಂಗೀತ ಮಹಲ್ ಅಂತ ಈಗ ನೋಡೋ ಕಟ್ಟಡ ಆ ಊರಿಂದ ಉಳದಿದ್ದು. ತೊರವಿ ಹತ್ರ ಸುರಂಗ ಬಾವಡಿ ಅಂತ ಐತಿ ನೋಡ್ರಿ, ಸುರಂಗದ ಕಮಾನು ಕಣ್ಣಿಗೆ ಕಾಣೋ ಜಾಗ ಅದು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನವರು 2020ರ ವಾಚ್ ಪಟ್ಟಿಯೊಳಗ (ಕಾಪಾಡಬೇಕಾದ ಹಳೇ ಜಾಗಗಳ ಪಟ್ಟಿ) ದಖ್ಖನ್ನಿನ ಹಳೇ ನೀರಿನ ವ್ಯವಸ್ಥೆ ಅಂತ ಸೇರಿಸಿದ್ದು ಇದನ್ನ ಮುಂದಿಟ್ಕೊಂಡು. ಬೀದರಿನ ನೌಬಾದ್ ಕರೇಜ್ ಬಗ್ಗೆ ಎಲ್ಲಾರೂ ಕೇಳ್ಯಾರ, ನಮ್ಮೂರಿಂದು ನಮಗ ಗೊತ್ತಿಲ್ಲ ಅನ್ನೋದು ನನಗ ಖರೇನ ಸಂಕಟ ಅನಸ್ತದ.

ಇನ್ನ ಯಾವಾಗ ಹೋಗ್ಬೇಕು ಅನ್ನೋದು. ನಾನು ಹೇಳೋದು ಎರಡು ಸಲ ಹೋಗ್ರಿ. ಒಂದು ಎಳ್ಳಮವಾಸ್ಯೆ ದಿನ, ಎರಡನೇದು ಜೋಳ ಕೊಯ್ದ ಮ್ಯಾಲೆ. ಎಳ್ಳಮವಾಸ್ಯೆಗೆ ಬಿಳಿಜೋಳ ಎದಿಮಟ ನಿಂತಿರ್ತದ, ಶಾಫ್ಟ್ ಒಂದೂ ಕಾಣೋದಿಲ್ಲ, ಆದ್ರ ಮಂದಿ ಎಲ್ಲಾ ಹೊಲದಾಗ ಇರ್ತಾರ. ಚರಗ ಚೆಲ್ಲಾಕ ಬಂದ ಹಿರ್ಯಾರು, ಮಕ್ಕಳು ಮೊಮ್ಮಕ್ಕಳು ಎಲ್ಲಾ ಗಿಡದ ಕೆಳಗ ಕುಂತಿರ್ತಾರ, ಹೋಗಿ ನಮಸ್ಕಾರ ಮಾಡಿ "ಅಜ್ಜಾರ, ನಿಮ್ಮ ಹೊಲದಾಗ ಹಳೇ ಕಾಲದ ಗಾಳಿ ಬಾವಿ ಏನರ ಅದಾವನ್ರಿ" ಅಂತ ಕೇಳ್ರಿ. ಕರೇಜ್ ಅಂದ್ರ ಎಷ್ಟೋ ಮಂದಿಗೆ ಗೊತ್ತಾಗೂದಿಲ್ಲ, ಸುರಂಗ ಅನ್ರಿ, ಒಳಗಿಂದೊಳಗ ಹಾದಿ ಇರೋ ಬಾವಿ ಅನ್ರಿ, ತಟ್ಟನ ಹೇಳ್ತಾರ. ಸಜ್ಜಿ ರೊಟ್ಟಿ, ಎಣ್ಣಿಗಾಯಿ ಬದನಿಕಾಯಿ, ಶೇಂಗಾ ಹೋಳಿಗಿ ಕೊಟ್ಟ ಬಿಡ್ತಾರ ಬ್ಯಾಡ ಅಂದ್ರೂ, ಅಲ್ಲೇ ಕುಂತು ಉಣ್ರಿ, ನೋಟ್ಸ್ ಆಮ್ಯಾಲೆ ಬರಕೋರಿ. ನಮ್ಮಪ್ಪ ಹಿಂಗ ಅಂತಿದ್ದ ನಮ್ಮ ಮುತ್ಯಾ ಹಂಗ ಅಂತಿದ್ದ ಅಂತ ಮಾತು ಬರೋದು ಉಣ್ಣೋವಾಗನ.

ಎರಡನೇ ಸಲ ಹೋಳಿಹುಣ್ಣಿಮಿ ಆಜುಬಾಜು ಹೋಗ್ರಿ. ಅಷ್ಟೊತ್ತಿಗೆ ಹೊಲ ಬಯಲಾಗಿರ್ತದ, ಬರೇ ಕೂಳಿ ಉಳದಿರ್ತಾವ, ದೂರಿಂದನ ಸಾಲು ಕಾಣ್ತದ. ಮುಂಜಾನಿ ಏಳಕ್ಕ ಅಲ್ಲಿ ಇರ್ಬೇಕು, ಮಧ್ಯಾಹ್ನ ಒಂದರೊಳಗ ಮುಗಿಸಿ ಬಂದ ಬಿಡ್ರಿ, ಯಾಕಂದ್ರ ಮಾರ್ಚ್ ಬಿಸಲು ನಮ್ಮ ಕಡೆ ಹೆಂಗಿರ್ತದ ಹೇಳೋದು ಬ್ಯಾಡ. ಮಳಿಗಾಲದಾಗ ಮಾತ್ರ ಹೋಗಬ್ಯಾಡ್ರಿ. ಎರಿ ಮಣ್ಣು ಹಸಿ ಆದ್ರ ಕಾಲು ಹಿಡಿತದ, ಬಾಯಿ ಅಂಚು ಒಳಗಿಂದ ಕುಸದಿದ್ರೂ ಮ್ಯಾಲೆ ಹುಲ್ಲು ಬೆಳದು ಗಟ್ಟಿ ನೆಲದಂಗ ಕಾಣ್ತದ. ಬ್ಯಾಸಗಿಯೊಳಗ ಬ್ಯಾರೆ ತ್ರಾಸು, ಎರಿ ನೆಲ ಬಿರಕು ಬಿಡ್ತದ, ಅಂಚಿಗುಂಟ ಬಿರಕು ಇದ್ರ ಆ ತುಂಡು ಹಂಗ ಕಳಚಿ ಬೀಳಬಹುದು.

ತಗೊಂಡು ಹೋಗೋ ಸಾಮಾನು ಅಂಥಾದ್ದೇನಿಲ್ಲ. ಗಟ್ಟಿ ಬೂಟು, ನೀರು, ಟೋಪಿಗೆ, 25 ಮೀಟರ್ ನೂಲಿನ ಹಗ್ಗ ಮೀಟರಿಗೊಂದು ಗಂಟು ಹಾಕಿದ್ದು, ತುದಿಗೆ ಕಟ್ಟಾಕ ಒಂದು ದೊಡ್ಡ ಕಬ್ಬಿಣದ ನಟ್ಟು, ಗೌಂಡಿಗಳು ಬಳಸೋ ಲೆವೆಲ್ ಪೈಪ್, ನೋಟ್‌ಬುಕ್ಕು ಪೆನ್ನು, ಮತ್ತ ಮನಿಯಾಗಿನ ಒಂದು ಕನ್ನಡಿ. ಹೌದ್ರಿ ಕನ್ನಡಿ, ಅದರ ಕಥಿ ಮುಂದ ಹೇಳ್ತೀನಿ. ಮೊಬೈಲಿನ ಸ್ಯಾಟಲೈಟ್ ಮ್ಯಾಪ್‌ನಾಗ ಮನಿಯಾಗಿದ್ದಾಗನ ನೋಡ್ಕೊಂಡು ಹೋಗ್ರಿ, ಹೊಲದ ನಡುವ ಉಳುಮಿ ಮಾಡದ ಬಿಟ್ಟ ಸಣ್ಣ ಸಣ್ಣ ಚುಕ್ಕಿ, ಅದರಾಗೊಂದು ಗಿಡ, ಹಂಗ ಮೂರ್ನಾಲ್ಕು ಒಂದ ಗೆರಿಯೊಳಗ ಕಂಡ್ವು ಅಂದ್ರ ಹೋಗಿ ನೋಡೋವಂಥ ಜಾಗ. ರೈತ ಸುಮ್ಮ ಸುಮ್ಮನ ಹೊಲದ ನಡುವ ನೆಲ ಬಿಡೂದಿಲ್ಲ.

ಹೊಲದೊಳಗ ಕಾಲಿಡೂಕಿಂತ ಮೊದಲ ಹೊಲದವರನ್ನ ಕೇಳ್ರಿ. ಅದು ಅವರ ಹೊಲ, ಟೂರಿಸ್ಟ್ ಪ್ಲೇಸ್ ಅಲ್ಲ. ಜಾಗದ ಫೋಟೋ ಹಾಕಿದ್ರೂ ಲೊಕೇಶನ್ ಹಾಕಬ್ಯಾಡ್ರಿ, ಮರುದಿನ ಹುಡುಗೂರು ಬೈಕ್ ಮ್ಯಾಲೆ ಬಂದು ಅಂಚಿಗೆ ನಿಂತು ಸೆಲ್ಫಿ ತಗೋಳೋಕ ಶುರು ಮಾಡ್ತಾರ.

ಈಗ ಶಾಫ್ಟಿನ ಹತ್ರ ಬಂದ್ರಿ ಅನ್ಕೋರಿ. ಸುತ್ತ ಕಲ್ಲಿನ ಕಟ್ಟಿ ಇಲ್ಲದ ಶಾಫ್ಟಿಗೆ ಎರಡು ಆಳು ಉದ್ದಕಿಂತ ಹತ್ರ ಹೋಗಬ್ಯಾಡ್ರಿ, ಅದನ್ನ ದೂರಿಂದ ನೋಡಿ ಸಾಲು ಎಣಿಸೋದು ಅಷ್ಟ. ಗಟ್ಟಿ ಕಟ್ಟಿ ಇರೋ ಶಾಫ್ಟ್ ಆದ್ರ ಮಾತ್ರ ಒಬ್ಬೊಬ್ಬರ ಹೋಗ್ರಿ, ಹಿಂದ ಒಬ್ಬರು ನಿಂದರ್ಲಿ, ಕಟ್ಟಿ ಮ್ಯಾಲೆ ಭಾರ ಹಾಕಬ್ಯಾಡ್ರಿ, ನಾಕುನೂರು ವರ್ಷದ ಗಚ್ಚು ಅದು. ಕಲ್ಲು ಒಗದು ಸಪ್ಪಳ ಕೇಳೋದು ಎಲ್ಲಾರಿಗೂ ಆಸೆ, ಮಾಮಾ ಇದ್ರ ಕೈ ಹಿಡಿತಾರ. ಗಣಿಯೊಳಗ ಶಾಫ್ಟಿಗೆ ಒಂದು ನಟ್ಟು ಬಿದ್ರೂ ಕೆಳಗಿನವನ ಜೀವ ಹೋಗ್ತದ ಅನ್ನೋ ಭಯದಾಗ ಜೀವನ ಕಳದವರು ಅವರು. ಇಲ್ಲಿ ಕೆಳಗ ಯಾರೂ ಇರ್ಲಿಕ್ಕಿಲ್ಲ, ಆದ್ರ ಬಿದ್ದ ಒಂದೊಂದು ಕಲ್ಲೂ ಸುರಂಗದಾಗ ಕುಂದರ್ತದ, ಹೂಳು ಅದಕ್ಕ ತಡದು ನಿಲ್ತದ, ಮತ್ತ ಗೋಡಿಗೆ ಹೆಜ್ಜೇನು ಇದ್ರ ಒಂದ ಕಲ್ಲು ಸಾಕು, ಓಡಾಕ ಹೊಲದಾಗ ಜಾಗ ಸಿಗೂದಿಲ್ಲ. ಹಂಗಾಗಿ ಮೊದಲ ಐದು ನಿಮಿಷ ಸುಮ್ಮ ನಿಂತು ಜೇನಿನ ಸಪ್ಪಳ, ಪಾರಿವಾಳ ಹೋಗಿ ಬರೋದು, ಹಾವಿನ ಪೊರಿ ಏನರ ಅದಾವೇನು ನೋಡ್ರಿ.

ಆಮ್ಯಾಲೆ ಕನ್ನಡಿ. ಹಳೇ ಕಾಲದಾಗ ಬಾವಿಯೊಳಗ ಕೊಡ ಬಿದ್ರ ಕನ್ನಡಿ ಹಿಡದು ಬಿಸಲು ಒಳಗ ಬಿಟ್ಟು ಹುಡುಕ್ತಿದ್ರು ನೋಡ್ರಿ, ಅದ. ಬಿಸಲು ಮ್ಯಾಲೆ ಬಂದಾಗ, ಹತ್ತು ಹನ್ನೊಂದರ ಹೊತ್ತಿಗೆ, ಶಾಫ್ಟಿನಿಂದ ಸ್ವಲ್ಪ ಹಿಂದ ನಿಂತು ಒಬ್ಬರು ಕನ್ನಡಿ ಹಿಡೀರಿ, ಇನ್ನೊಬ್ಬರು ಕಟ್ಟಿ ಹತ್ರ ನಿಂತು ನೋಡ್ರಿ. ಮೊಬೈಲ್ ಟಾರ್ಚ್ ಐದಾರು ಮೀಟರ್ ಕೆಳಗ ಸತ್ತು ಹೋಗ್ತದ, ಕನ್ನಡಿ ಬಿಸಲು ತಳಕ್ಕ ಮುಟ್ಟತದ. ನಾನು ಮೊದಲನೇ ಸಲ ಹಂಗ ನೋಡಿದಾಗ ಬೆಳಕಿನ ಆ ಚೌಕ ಗೋಡಿಗುಂಟ ನಡುಗಿಕೋತ ಇಳೀತು, ಮೊದಲ ಕರಿ ಎರಿ ಮಣ್ಣು, ಅದರ ಕೆಳಗ ಬಿಳಿ ಸುಣ್ಣದ ಹಳ್ಳು ಕೂಡಿದ ಮಣ್ಣು, ಆಮ್ಯಾಲೆ ಹಳದಿ ಕಂದು ಗರಸು, ಕೆಳಗ ಹೋಗಿ ಕರಿಕಲ್ಲು. ಅಲ್ಲಿ ಹಾರಿಲೆ ಹೊಡದ ಗೆರಿ ಒಂದರ ಮಗ್ಗಲ ಒಂದು ಓರೆ ಓರೆಯಾಗಿ ಇದ್ವು, ಹೊಡದವನ ಕೈ ಯಾವ ಕಡೆಯಿಂದ ಬರ್ತಿತ್ತು ಅಂತ ತಿಳಿಯೋವಷ್ಟು ಸಾಫ್ ಇದ್ವು. ಮಾಮಾ ಭಾಳ ಹೊತ್ತು ಏನೂ ಮಾತಾಡ್ಲಿಲ್ಲ. ಆಮ್ಯಾಲೆ "ಇವನು ಎಡಗೈಯ್ಯಾವ ಇರ್ಬೇಕು" ಅಂದ್ರು.

ಗೋಡಿ ನೋಡೋವಾಗ ಮ್ಯಾಲಿಂದ ಕೆಳಗಮಟ ಬಣ್ಣ ಎಲ್ಲಿ ಬದಲಾಗ್ತದ ಅಂತ ಬರಕೋರಿ, ಅದ ಈ ಕರೇಜಿನ ಗುಟ್ಟು. ನಮ್ಮ ವಿಜಯಪುರದ ನೆಲ ಎಲ್ಲಾ ಹಳೇ ಲಾವಾ ಹರದು ಆದ ಕರಿಕಲ್ಲು, ಪದರ ಪದರಾಗಿ ಐತಿ. ಮ್ಯಾಲಿನ ಸವದ ಗರಸು ಮತ್ತ ಬಿರಕು ಬಿಟ್ಟ ಕಲ್ಲಿನೊಳಗ ನೀರು ನಿಲ್ತದ, ಕೆಳಗಿನ ಗಟ್ಟಿ ಬಂಡಿಯೊಳಗ ಇಳಿಯೂದಿಲ್ಲ. ಆ ಎರಡರ ಸಂದಿಗೆ ಸುರಂಗ ಸಿಕ್ಕಿದ್ರ ನೀರು ಗೋಡಿಯಿಂದ ಜಿನುಗಿ ಬರ್ತದ. ಗೋಡಿಗೆ ಹಸಿ ಗೆರಿ, ಪಾಚಿ, ಜರಿಗಿಡ ಕಂಡ್ರ ಅದು ಸೆಲಿ ಇರೋ ಮಟ್ಟ. ಎದುರು ಬದರು ಕಾಲಿಡೋ ಗೂಡು ಕೊರದಿದ್ರ ಅದು ಆಳು ಹತ್ತಿ ಇಳಿಯಾಕ. ಮ್ಯಾಲಿನ ಮಣ್ಣಿನ ಭಾಗಕ್ಕ ಅಷ್ಟ ಕಲ್ಲು ಅಥವಾ ಇಟ್ಟಂಗಿ ಕಟ್ಟಿ ಕೆಳಗ ಬರೇ ಬಂಡಿ ಬಿಟ್ಟಿದ್ರ ಅದೂ ಲೆಕ್ಕಾಚಾರನ, ಕುಸಿಯೋದು ಮ್ಯಾಲಿಂದು ಮಾತ್ರ.

ಇನ್ನ ಅಳತಿ. ಇದು ಕಾಲೇಜ್ ಹುಡುಗೂರು ಕೂಡಿ ಹೋದ್ರ ಭಾಳ ಚಂದ ಆಗ್ತದ. ಎರಡು ಕಟ್ಟಿ ಇರೋ ಶಾಫ್ಟ್ ಆರಿಸ್ಕೋರಿ, ನಟ್ಟು ಕಟ್ಟಿದ ಹಗ್ಗ ನಿಧಾನ ಬಿಟ್ಟು ಆಳ ತಗೋರಿ. ನಟ್ಟು ನೀರಿಗೆ ಮುಟ್ಟಿದ್ರ ಸಪ್ಪಳ ಬರ್ತದ, ಆ ಗಂಟು ಬರಕೋರಿ, ಮತ್ತ ತಳಕ್ಕ ಕುಂತ್ರ ಹಗ್ಗ ಸಡಲ ಆಗ್ತದ, ಅದನ್ನೂ ಬರಕೋರಿ. ಆಮ್ಯಾಲೆ ಲೆವೆಲ್ ಪೈಪಿನಾಗ ನೀರು ತುಂಬಿ ಎರಡೂ ಕಟ್ಟಿ ಎಷ್ಟು ಮ್ಯಾಲೆ ಕೆಳಗ ಅದಾವ ನೋಡ್ರಿ, ಪೈಪ್ ಸಾಲದಿದ್ರ ನಡುವ ಗೂಟ ಬಡದು ಎರಡು ಮೂರು ಹಂತದಾಗ ಮಾಡ್ರಿ, ಫೋನಿನಾಗ ಬರೋ ಎತ್ತರ ಈ ಕೆಲಸಕ್ಕ ನಂಬಬ್ಯಾಡ್ರಿ. ಉದಾಹರಣಿಗೆ ಮೊದಲನೇ ಕಟ್ಟಿ ಎರಡನೇದಕ್ಕಿಂತ 1.5 ಮೀಟರ್ ಎತ್ತರ ಐತಿ, ಮೊದಲನೇದರ ಆಳ 12 ಮೀಟರ್, ಎರಡನೇದು 10.6 ಅನ್ಕೋರಿ. 12ರಾಗ 1.5 ಕಳದ್ರ 10.5, ಅಂದ್ರ ಮೊದಲನೇದರ ತಳ ಎರಡನೇದರ ತಳಕ್ಕಿಂತ 10 ಸೆಂಟಿಮೀಟರ್ ಮ್ಯಾಲೆ ಐತಿ ಅಂತಾತು. ನಡುವಿನ ದೂರ 40 ಮೀಟರ್ ಇದ್ರ 400 ಮೀಟರಿಗೆ ಒಂದು ಮೀಟರ್ ಇಳಿಜಾರು. ಇಳಿಜಾರು ಹೆಚ್ಚಾದ್ರ ನೀರು ತಳ ಕೊರಕೊಂಡು ಹೋಗ್ತದ, ಕಡಿಮಿ ಆದ್ರ ಹೂಳು ನಿಲ್ತದ, ಕತ್ತಲಾಗ ಎಣ್ಣಿ ದೀಪದ ಬೆಳಕಿಗೆ ಇಷ್ಟು ಸೂಕ್ಷ್ಮ ಹಿಡದು ಕೊರದಾರ ಅಂತ ಹುಡುಗೂರು ತಮ್ಮ ಕೈಲೆ ಲೆಕ್ಕ ಮಾಡಿ ತಿಳ್ಕೊಂಡಾಗ ಅವರ ಮುಖ ನೋಡ್ಬೇಕು ನೀವು.

ನೀರಿನ ಮಟ್ಟದಿಂದ ಇನ್ನೊಂದು ಗೊತ್ತಾಗ್ತದ. ಹಿಂಗ ಲೆಕ್ಕ ಹಾಕಿದಾಗ ಎರಡೂ ಶಾಫ್ಟಿನ ನಿಂತ ನೀರು ಒಂದ ಮಟ್ಟಕ್ಕ ಬಂದ್ರ ಕೆಳಗ ಸುರಂಗ ಕೂಡಿರ್ಬಹುದು ಅಂತ ಅಂದಾಜು ಮಾಡಬಹುದು. ಭಾಳ ಫರಕ್ ಬಂದ್ರ ನಡುವ ಎಲ್ಲೋ ಕುಸದು ಕಟ್ಟೇತಿ. ಪೂರ್ತಿ ಒಣಗಿದ್ರ ಎರಡು ಕಾರಣ ಇರ್ಬಹುದು, ಹೂಳು ತುಂಬಿರ್ಬೇಕು, ಇಲ್ಲಾ ಸುತ್ತಿನ ಬೋರ್‌ವೆಲ್ಲಿನಿಂದ ನೀರಿನ ಮಟ್ಟ ಸುರಂಗಕ್ಕಿಂತ ಕೆಳಗ ಹೋಗಿರ್ಬೇಕು. ಕರೇಜಿಗೆ ಬರೋದು ತನ್ನ ಮಟ್ಟಕ್ಕಿಂತ ಮ್ಯಾಲಿರೋ ನೀರು ಮಾತ್ರ, ಬೋರು ಎಷ್ಟು ಆಳ ಬೇಕಾದ್ರೂ ಹೋಗ್ತದ. ರೈತನ ಬೈಬ್ಯಾಡ್ರಿ ಇದಕ್ಕ, ಅವನೂ ದ್ರಾಕ್ಷಿಗೆ ಲಿಂಬಿಗೆ ನೀರು ಹುಡುಕ್ಯಾನ.

ಒಳಗ ಇಳಿಯೋ ಮಾತು. ಇಳಿಯಬ್ಯಾಡ್ರಿ. ಸುರಂಗದ ಬಾಯಿ ತೆರದಿದ್ರೂ, ಜೊತಿಗಿದ್ದವರು ಬಾರಲೇ ಅಂದ್ರೂ, ಬ್ಯಾಡ. ಹಳೇ ಶಾಫ್ಟಿನ ತಳದಾಗ ಎಲಿ ಕಸ ಕೊಳತು ಆಮ್ಲಜನಕ ಕಡಿಮಿ ಆಗಿರ್ತದ, ಭಾರದ ಗಾಳಿ ಕೆಳಗ ಕುಂತಿರ್ತದ, ಅದಕ್ಕ ವಾಸನಿ ಇಲ್ಲ ಬಣ್ಣ ಇಲ್ಲ. ದೀಪ ಇಳಿಸಿ ನೋಡಿದ್ರ ಆತಲ್ಲ ಅಂತ ಹಳಬರು ಅಂತಾರ, ದೀಪ ಆರಿದ್ರ ಗಾಳಿ ಕೆಟ್ಟೇತಿ ಅನ್ನೋದು ಖರೇ, ಆದ್ರ ದೀಪ ಉರದ್ರ ಎಲ್ಲಾ ಸರಿ ಐತಿ ಅಂತ ಅಲ್ಲ, ಕೆಲವು ವಿಷದ ಗಾಳಿಗೆ ದೀಪ ಆರೂದ ಇಲ್ಲ. ಗಣಿಯೊಳಗ ಗ್ಯಾಸ್ ಮೀಟರ್, ಫ್ಯಾನ್, ರೆಸ್ಕ್ಯೂ ಟೀಮ್ ಎಲ್ಲಾ ಇದ್ದೂ ಹೆದರಿಕೋತ ಇಳಿತಿದ್ವಿ ಅಂತಾರ ಮಾಮಾ. ಮತ್ತ ಒಂದು ಮಾತು ಅವರು ಪ್ರತಿ ಸಲ ಹೇಳ್ತಾರ, ಒಬ್ಬ ಒಳಗ ಬಿದ್ದ ಅಂತ ಇನ್ನೊಬ್ಬ ಹಂಗ ಜಿಗೀಬಾರದು, ಬಾವಿಯೊಳಗ ಎರಡನೇ ಹೆಣ ಯಾವಾಗಲೂ ಉಳಸಾಕ ಹೋದವಂದ. ಏನರ ಆದ್ರ 112ಕ್ಕ ಫೋನ್ ಮಾಡ್ರಿ, ಅಗ್ನಿಶಾಮಕಕ್ಕ 101, ಮ್ಯಾಲಿಂದ ಹಗ್ಗ ಬಿಡ್ರಿ, ಮಾತಾಡಿಕೋತ ಇರ್ರಿ, ಇಳಿಯಬ್ಯಾಡ್ರಿ. 2024ರ ಏಪ್ರಿಲ್‌ನಾಗ ನಮ್ಮ ಇಂಡಿ ತಾಲೂಕಿನಾಗ ಬೋರ್‌ವೆಲ್ಲಿಗೆ ಬಿದ್ದ ಕೂಸನ್ನ 20 ತಾಸಿನ ಮ್ಯಾಲೆ ಜೀವಂತ ತಗದ್ರಲ್ಲ, ಆ ರಾತ್ರಿ ಇಡೀ ಜಿಲ್ಲಾ ನಿದ್ದಿ ಮಾಡ್ಲಿಲ್ಲ. ತೆರದ ಬಾಯಿ ಅಂದ್ರ ಏನು ಅಂತ ನಮಗ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊಲದಾಗಿಂದು ಮುಗದ ಮ್ಯಾಲೆ ತೊರವಿ ನರಸಿಂಹ ದೇವರ ಗುಡಿಗೆ ಹೋಗ್ರಿ, ನೆಲದ ಕೆಳಗ ಇಳದು ದರ್ಶನ ಮಾಡೋ ಗುಡಿ, ಬಿಸಲಾಗಿಂದ ಬಂದು ಒಳಗ ಕಾಲಿಟ್ರ ತಂಪು ಹತ್ತತದ, ಕರೇಜಿನೊಳಗೂ ಹಿಂಗ ಇರ್ಬೇಕು ಅನಸ್ತದ. ಆಮ್ಯಾಲೆ ಊರಿಗೆ ತಿರುಗಿ ಬರುವಾಗ ನೀರಿನ ಗೋಪುರ ನೋಡ್ಕೋತ ಬರ್ರಿ. ಹಳೇ ಮಂದಿ ಗಂಜ್ ಅಂತಾರ, ಕಾಳು ಮಾರೋ ಗಂಜ್ ಅಲ್ಲ ಇದು. ಕಲ್ಲಿಲೆ ಕಟ್ಟಿದ ಚೌಕ ಗೋಪುರ, ಮಣ್ಣಿನ ಪೈಪಿನಾಗ ಬಂದ ನೀರು ಇದರೊಳಗ ಮ್ಯಾಲೆ ಏರಿ, ಒತ್ತಡ ಇಳದು, ಹೂಳು ತಳಕ್ಕ ಕುಂತು, ಮುಂದಿನ ಪೈಪಿಗೆ ಹೋಗ್ತಿತ್ತು. ಇದಿಲ್ಲಂದ್ರ ಒತ್ತಡಕ್ಕ ಮಣ್ಣಿನ ಪೈಪ್ ಒಡದು ಹೋಗ್ತಿದ್ವು. ಎಷ್ಟೋ ಗೋಪುರದ ಮಗ್ಗಲ ಈಗ ಚಹಾದಂಗಡಿ, ಪಂಕ್ಚರ್ ಅಂಗಡಿ ಅದಾವ, ಚಹಾ ಕುಡಕೋತ ನೋಡಬಹುದು. ಟೈಮ್ ಇದ್ರ ಕಡೀಕ 1620ರ ತಾಜ್ ಬಾವಡಿ. ದಕ್ಷಿಣಕ್ಕಿರೋ ಬೇಗಂ ತಲಾಬ್ ಬ್ಯಾರೆ ಲೈನ್, 1651ರಾಗ ಮಹಮ್ಮದ್ ಆದಿಲಶಾಹ ಕಟ್ಟಿಸಿದ್ದು, ಅದನ್ನ ಇನ್ನೊಂದು ದಿನಕ್ಕ ಇಟ್ಕೋರಿ.

ಮನಿಗೆ ಬಂದ ಮ್ಯಾಲೆ ಅವತ್ತ ನೋಟ್ಸ್ ಸಾಫ್ ಮಾಡ್ರಿ. ಶಾಫ್ಟಿಗೊಂದು ನಂಬರ್, ಒಂದರಿಂದ ಒಂದಕ್ಕ ಎಷ್ಟು ಹೆಜ್ಜಿ, ಕಟ್ಟಿ ಐತೋ ಇಲ್ಲೋ, ಆಳ, ನೀರು, ಕಸ ಒಗದಾರೇನು, ಹೊಲದವರು ಏನಂದ್ರು. ತಾರೀಖು ಹಾಕೋದು ಮರೀಬ್ಯಾಡ್ರಿ. ಒಂದು ಕಾಪಿ ಹೊಲದವರಿಗೆ ಕೊಡ್ರಿ, ಒಂದು ಗ್ರಾಮ ಪಂಚಾಯ್ತಿಗೆ, ಒಂದು ಪುರಾತತ್ವ ಇಲಾಖೆ ಆಫೀಸಿಗೆ. ಊರು ಆ ಕಡೆ ಬೆಳ್ಯಾಕತ್ತೇತಿ, ಲೇಔಟ್ ಬೀಳಾಕತ್ತಾವ, ನಾನು ಎಣಿಸಿದ್ದ ಒಂದು ಸಾಲಿನಾಗ ಎರಡು ಶಾಫ್ಟ್ ಮುಂದಿನ ವರ್ಷ ಹೋಗೋದ್ರೊಳಗ ಗರಸು ತುಂಬಿ ಸಪಾಟ ಆಗಿದ್ವು. ನನ್ನ ನೋಟ್‌ಬುಕ್ಕಿನಾಗ ಅವುಗಳ ಆಳ ಐತಿ, 9 ಗಂಟು ಒಂದು, 11 ಗಂಟು ಒಂದು, ಅಷ್ಟ ಉಳದದ್ದು.

ಮತ್ತ ಹೊಲದಿಂದ ಹೊರಗ ಬರೂಕಿಂತ ಮೊದಲ ಒಂದು ಕೆಲಸ. ನೋಡಾಕ ಅಂತ ಸರಿಸಿದ ಜಾಲಿ ಮುಳ್ಳು ಮೊದಲ ಹೆಂಗಿತ್ತೋ ಹಂಗ, ಬುಡ ಹೊರಗ ಟೊಂಗಿ ಒಳಗ ಮಾಡಿ, ಬಾಯಿ ಪೂರ್ತಿ ಮುಚ್ಚೂವಂಗ ಇಟ್ಟು, ಮ್ಯಾಲೆ ಎರಡು ಕಲ್ಲು ಹೇರಿ ಬರ್ರಿ. ಸಂಜಿಮುಂದ ಆ ದಾರಿಲೆ ಕುರಿ ಬರ್ತಾವ, ಕುರಿ ಹಿಂದ ಸಣ್ಣ ಹುಡುಗೂರು ಓಡಿ ಬರ್ತಾರ.